ಮನೆಯ ಸಾಲವೂ ಮನೆಯ ಸಾಮಾನೂ



ಸೊಲ್ಲಾಪುರದಲ್ಲಿ ನಾವು ಹೊಸ ಮನೆಯನ್ನು ಹೊಕ್ಕಾಗ ಕುಳಿತುಕೊಳ್ಳಲು ಒಂದು ಕುರ್ಚಿಯೂ ಇರಲಿಲ್ಲ. ಬಂದವರೆಲ್ಲ ಸೋಫಾ ಯಾವಾಗ ತರುವಿರೆಂದು ಕೇಳುವವರೇ. ಸಾಲವೆಷ್ಟೆಂದು ಯಾರೂ ಕೇಳಲಿಲ್ಲ. ಆ ಮಾತಿಗೆ ನಾಚಿ ದೊಡ್ಡದೊಂದು ಕಪಾಟನ್ನು ಕಂತಿನ ಮೇಲೆ ತಂದೆವು. ಎರಡೂ ಕಂತುಗಳು ಕೂಡಿ, ಆ ವರ್ಷ ಮಗಳ ಪುಸ್ತಕ ಕೊಳ್ಳುವುದಕ್ಕೂ ತಡವರಿಸಿದೆವು.

ಮೇಲಿನ ತರಗತಿಯ ಮಕ್ಕಳು ಈ ಲೆಕ್ಕವನ್ನು ಮಾಡಿ ನೋಡಬಹುದು. ಸಾಲ 20 ಲಕ್ಷ ರೂಪಾಯಿ, ಬಡ್ಡಿ ವರ್ಷಕ್ಕೆ ಶೇಕಡಾ 9, ಅವಧಿ 20 ವರ್ಷ ಎಂದಿಟ್ಟುಕೊಳ್ಳಿರಿ. ತಿಂಗಳ ಕಂತು ಸುಮಾರು 17,995 ರೂಪಾಯಿ. ಮೊದಲ ಕಂತಿನಲ್ಲಿ 15,000 ಬಡ್ಡಿಗೇ ಹೋಗುವುದು. ಅಸಲಿಗೆ ಸಲ್ಲುವುದು 2,995 ಮಾತ್ರ. ಆರಂಭದಲ್ಲಿಯೇ ಒಂದು ಲಕ್ಷವನ್ನು ಹೆಚ್ಚಾಗಿ ತುಂಬಿ, ಕಂತನ್ನು ಹಾಗೆಯೇ ಉಳಿಸಿಕೊಂಡರೆ, ದರವು ಬದಲಾಗದಿದ್ದಲ್ಲಿ, ಕೊನೆಯ ಸುಮಾರು 30 ಕಂತುಗಳೇ ಇಲ್ಲವಾಗುತ್ತವೆ! ಹತ್ತು ವರ್ಷಗಳ ಬಳಿಕ ತುಂಬಿದರೆ ಅದರ ಅರ್ಧದಷ್ಟೂ ಫಲವಿಲ್ಲ. ಬದಲಾಗುವ ದರದ ಗೃಹಸಾಲವನ್ನು ಮುಂಚಿತವಾಗಿ ತೀರಿಸುವವರಿಗೆ ಬ್ಯಾಂಕುಗಳು ದಂಡ ಹಾಕುವುದನ್ನು ರಿಜರ್ವ್ ಬ್ಯಾಂಕು 2012ರಲ್ಲಿ ನಿಷೇಧಿಸಿತು.

ಹಾಗೆಂದು ಬರಿಯ ನೆಲದ ಮೇಲೆ ಬಾಳಿರೆಂದು ನಾವು ಹೇಳಲಾರೆವು. ಮೊಣಕಾಲು ನೋಯುವ ತಾಯಿಗೆ ಮಂಚ ಬೇಕಿತ್ತು, ತಂದೆವು. ಮಗಳ ಓದಿಗೆ ಮೇಜು ಬಂದಿತು. ಆಪತ್ತಿಗೆಂದು ಕೆಲವು ತಿಂಗಳ ಖರ್ಚನ್ನು ಬೇರೆ ಇರಿಸಿದೆವು. ಸಾಲಕ್ಕೆ ತುಂಬಿದ ಹಣ ಬೇಡಿದೊಡನೆ ಮರಳಿ ಬಾರದಷ್ಟೆ. ಉಳಿದುದೆಲ್ಲ ದೀಪಾವಳಿಗೊಮ್ಮೆ ಅಸಲಿಗೆ ಹೋಗುತ್ತಿದೆ. ಸೋಫಾ ಇನ್ನೂ ಬಂದಿಲ್ಲ. ಅತಿಥಿಗಳಿಗೆ ನಮ್ಮೂರಿನ ಚಾದರವನ್ನೇ ಹಾಸುತ್ತೇವೆ. ಇಂದು ನಾವು ಓದಿದ ಲೆಕ್ಕವನ್ನು ನಿನ್ನೆ ರಾತ್ರಿ ಆ ಮೇಜಿನ ಮೇಲೆ ತಿದ್ದಿಕೊಟ್ಟವಳು ಮಗಳೇ.