ಬೆಳ್ಳಿಯ ಕಣ, ಅದರ ಹೊದಿಕೆ ಮತ್ತು ತೋಡಿನ ನೀರು

(ಉಪನ್ಯಾಸದ ಬರಹರೂಪ)



ಕೊಯಿಲದ ಅಡಿಕೆ ಕೃಷಿಕರಿಗೆ ಬೋರ್ಡೋ ದ್ರಾವಣ ಹೊಸತಲ್ಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ತಯಾರಿಸಿದ ದಿನವೇ ಸಿಂಪಡಿಸಬೇಕು. ತಡವಾದರೆ ತಾಮ್ರದ ಸೂಕ್ಷ್ಮಕಣಗಳು ಒಂದಕ್ಕೊಂದು ಕೂಡಿ, ದಪ್ಪವಾಗಿ ತಳಕ್ಕಿಳಿಯುತ್ತವೆ. ಗೊನೆಗೆ ಅಂಟುವ ಗುಣ ಕುಗ್ಗುತ್ತದೆ. ಔಷಧದ ಶಕ್ತಿ ಲೋಹದಲ್ಲಿ ಮಾತ್ರವಲ್ಲ, ಕಣದ ಗಾತ್ರದಲ್ಲಿಯೂ ಸ್ಥಿರತೆಯಲ್ಲಿಯೂ ಇದೆ.

ರೋಗಾಣುನಾಶಕವೆಂದು ಹೆಸರಾದ ಬೆಳ್ಳಿಯ ನ್ಯಾನೋಕಣಗಳಿಗೂ ಈ ನಿಯಮವೇ ಅನ್ವಯಿಸುತ್ತದೆ. ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ನ್ಯಾನೋಮೀಟರ್. 100 ನ್ಯಾನೋಮೀಟರಿನ ಕಣವನ್ನು 10ಕ್ಕೆ ಇಳಿಸಿದರೆ, ಅಷ್ಟೇ ತೂಕದ ಬೆಳ್ಳಿಯ ಮೇಲ್ಮೈ ಹತ್ತು ಪಟ್ಟಾಗುತ್ತದೆ. ಆ ಮೇಲ್ಮೈಯಿಂದ ಕರಗಿ ಹೊರಬರುವ ಬೆಳ್ಳಿಯ ಅಯಾನುಗಳೇ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದರಲ್ಲಿ ಮುಖ್ಯವಾದವು.

ಆದರೆ ಇಷ್ಟು ಸಣ್ಣ ಕಣಗಳು ಬಿಡಿಯಾಗಿ ನಿಲ್ಲಲಾರವು. ಆದ್ದರಿಂದಲೇ ಅವುಗಳಿಗೆ ಪಾಲಿವಿನೈಲ್ ಪೈರೊಲಿಡೋನಿನಂತಹ ಪಾಲಿಮರಿನ ಹೊದಿಕೆ. ಅದರ ಉದ್ದನೆಯ ಎಳೆಗಳು ಕಣಗಳನ್ನು ಪರಸ್ಪರ ದೂರವಿರಿಸುತ್ತವೆ. ಕೇವಲ ವಿದ್ಯುದಾವೇಶದ ಬಲದಿಂದ ನಿಂತ ಕಣಗಳು ಉಪ್ಪುನೀರಿನಲ್ಲಿ ಬೇಗನೆ ಗುಂಪುಗೂಡುತ್ತವೆ. ಪಾಲಿಮರ್ ಹೊದ್ದವು ಹೆಚ್ಚು ಕಾಲ ತಾಳುತ್ತವೆ. ಬಿಡಿ ಕಣಗಳ ದ್ರಾವಣ ಹಳದಿ. ಗುಂಪುಗೂಡಿದಂತೆ ಅದು ಬೂದುಬಣ್ಣಕ್ಕೆ ತಿರುಗುತ್ತದೆ. ಇದು ಬರಿಗಣ್ಣಿಗೇ ಕಾಣುವ ಪರೀಕ್ಷೆ. ವಿಷಯ ತೀರಾ ಹೊಸತೂ ಅಲ್ಲ: ಪ್ರೋಟೀನಿನ ಹೊದಿಕೆಯಿದ್ದ ‘ಕೊಲಾರ್ಗೋಲ್’ ಎಂಬ ಬೆಳ್ಳಿಯ ಔಷಧ 1897ರಿಂದಲೇ ಮಾರಾಟದಲ್ಲಿತ್ತು.

ಜಾನುವಾರು ಸಂವರ್ಧನಾ ಕ್ಷೇತ್ರವಿರುವ ಕೊಯಿಲದಂತಹ ಊರಿಗೆ ಇದು ದೂರದ ಮಾತಲ್ಲ. ಹಸುಗಳ ಕೆಚ್ಚಲುಬಾವಿಗೂ ಗಾಯಗಳಿಗೂ ಬೆಳ್ಳಿಕಣಗಳನ್ನು ಬಳಸುವ ಬಗ್ಗೆ ಅಧ್ಯಯನಗಳು ನಡೆದಿವೆ. ಆದರೆ ಕಣವನ್ನು ಔಷಧದ ಬಾಟಲಿಯಲ್ಲಿ ಕಾಪಾಡುವ ಹೊದಿಕೆಯೇ ಅದನ್ನು ಹಟ್ಟಿಯ ತೊಳೆನೀರಿನಲ್ಲಿಯೂ ತೇಲಿಸಬಲ್ಲದು. ಆ ನೀರು ತೋಡಿಗೆ ಇಳಿದು, ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಬೆರೆಯುತ್ತದೆ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಬೆಳ್ಳಿಯ ಅಯಾನುಗಳಿದ್ದರೂ ಮೀನಿಗೆ ಆಹಾರವಾಗುವ ನೀರುಚಿಗಟಗಳು ಸಾಯುತ್ತವೆ. ಗೊಬ್ಬರದ ಗುಂಡಿಯ ಉಪಕಾರಿ ಸೂಕ್ಷ್ಮಜೀವಿಗೂ ರೋಗಾಣುವಿಗೂ ಬೆಳ್ಳಿ ಭೇದವೆಣಿಸುವುದಿಲ್ಲ. ಅತಿಯಾಗಿ ಬಳಸಿದರೆ ರೋಗಾಣುಗಳೂ ಅದಕ್ಕೆ ಒಗ್ಗಿಕೊಳ್ಳುತ್ತವೆ. ಬೆಳ್ಳಿಗೆ ಬಗ್ಗದ ಸಾಲ್ಮೊನೆಲ್ಲಾ 1975ರಲ್ಲಿಯೇ ಅಮೆರಿಕದ ಆಸ್ಪತ್ರೆಯೊಂದರಿಂದ ವರದಿಯಾಗಿತ್ತು.

ಆದುದರಿಂದ ‘ನ್ಯಾನೋ’ ಎಂಬ ಪದಕ್ಕೆ ಮರುಳಾಗಬೇಕಾಗಿಲ್ಲ, ಹೆದರಬೇಕಾಗಿಯೂ ಇಲ್ಲ. ಕಣದ ಗಾತ್ರವೆಷ್ಟು? ಹೊದಿಕೆ ಯಾವುದು? ಎಷ್ಟು ದಿನ ಸ್ಥಿರ? ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ? ಮಾರುವವರು ಈ ನಾಲ್ಕಕ್ಕೂ ಉತ್ತರಿಸಲಿ. ಮೊದಲ ಮೂರಕ್ಕೆ ಮಾತ್ರ ಉತ್ತರವಿರುವ ಔಷಧ ಇನ್ನೂ ಪ್ರಯೋಗಶಾಲೆಯದು. ಹಟ್ಟಿಗೂ ತೋಟಕ್ಕೂ ಬರುವ ಅರ್ಹತೆಯನ್ನು ನಾಲ್ಕನೆಯ ಉತ್ತರವೇ ಕೊಡಬೇಕು.