ರಕ್ತ ಹೆಪ್ಪುಗಟ್ಟುವ ಹೊತ್ತು

ಹಾಲಿಗೆ ಹೆಪ್ಪು ಹಾಕುವುದು ನಿಮ್ಮ ಮನೆಯಲ್ಲಿ ದಿನನಿತ್ಯದ ಕೆಲಸ. ಅದೇ ಮಾತನ್ನು ನಾವು ರಕ್ತಕ್ಕೂ ಬಳಸುತ್ತೇವೆ. ಅಚ್ಚಗನ್ನಡದ ಈ ಮಾತು ಎರಡೂ ಕಡೆ ಸೊಗಸಾಗಿ ಒಪ್ಪುತ್ತದೆ. ಗಾಯವಾದೆಡೆ ರಕ್ತ ಹೆಪ್ಪುಗಟ್ಟಿದರೆ ಪ್ರಾಣ ಉಳಿಯುತ್ತದೆ; ನಾಳದೊಳಗೇ ಹೆಪ್ಪುಗಟ್ಟಿ, ಅದರ ತುಣುಕು ಮೆದುಳಿಗೆ ಹೋದರೆ ಪಾರ್ಶ್ವವಾಯು ಬಡಿಯುತ್ತದೆ. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರಿಗೆ ಈ ಭಯ ಹೆಚ್ಚು. ಅದಕ್ಕೆಂದೇ ಅವರಿಗೆ ವಾರ್ಫರಿನ್‌ನಂಥ ಗುಳಿಗೆ ಕೊಡುತ್ತಾರೆ.

ಈ ಗುಳಿಗೆಯ ಹುಟ್ಟು ಸ್ವಾರಸ್ಯವಾದುದು. 1933ರ ಫೆಬ್ರವರಿಯಲ್ಲಿ, ಹಿಮದ ಬಿರುಗಾಳಿಯ ನಡುವೆ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೈತನೊಬ್ಬ ಸತ್ತ ಕಡಸನ್ನೂ, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತವನ್ನೂ ತಂದು ವಿಶ್ವವಿದ್ಯಾಲಯದ ಮುಂದಿಟ್ಟ. ಕೆಟ್ಟುಹೋದ ಕ್ಲೋವರ್ ಮೇವು ತಿಂದ ಅವನ ದನಗಳು ರಕ್ತ ಸೋರಿ ಸಾಯುತ್ತಿದ್ದವು. ಆ ಮೇವಿನ ವಿಷವನ್ನು ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯ ಬಳಗ ಬೇರ್ಪಡಿಸಿತು. ಅದರ ಜಾತಿಯದೇ ಆದ ವಾರ್ಫರಿನ್ 1948ರಲ್ಲಿ ಮೊದಲು ಬಂದದ್ದು ಇಲಿಪಾಷಾಣವಾಗಿ! ಮನುಷ್ಯರಿಗೆ ಮದ್ದಾದದ್ದು 1954ರಲ್ಲಿ.

ವಿಷವೂ ಮದ್ದೂ ಆಗಬಲ್ಲ ವಸ್ತುವಿಗೆ ಅಳತೆ ಬೇಡವೇ? ರಕ್ತದಲ್ಲಿ ಔಷಧ ಎಷ್ಟಿದೆಯೆಂದು ಇಲ್ಲಿ ತೂಗುವುದಿಲ್ಲ. ಅದು ಮಾಡಿದ ಕೆಲಸವನ್ನು ಅಳೆಯುತ್ತಾರೆ. 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ ದ್ರಾವಣ ಬೆರೆಸಿದರೆ, ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆ ಕಾಯುತ್ತದೆ. ಕಣಗಳನ್ನು ತಳಕ್ಕಿಳಿಸಿ, ಮೇಲಿನ ತಿಳಿಗೆ ಥ್ರಾಂಬೊಪ್ಲಾಸ್ಟಿನ್ ಎಂಬ ವಸ್ತುವನ್ನೂ ಕ್ಯಾಲ್ಸಿಯಂ ಅನ್ನೂ ಹಾಕಿ, ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡುತ್ತಾರೆ. ಆರೋಗ್ಯವಂತರಿಗೆ ಸುಮಾರು 12 ಸೆಕೆಂಡು. 1935ರಲ್ಲಿ ಆರ್ಮಂಡ್ ಕ್ವಿಕ್ ಪ್ರಕಟಿಸಿದ ಪರೀಕ್ಷೆ ಇದು.

ಆದರೆ ಒಂದು ತೊಡಕಿತ್ತು. ಥ್ರಾಂಬೊಪ್ಲಾಸ್ಟಿನ್ ಅನ್ನು ಒಬ್ಬರು ಮೊಲದ ಮೆದುಳಿನಿಂದ ತೆಗೆದರೆ ಮತ್ತೊಬ್ಬರು ಬೇರೆಯ ಮೂಲದಿಂದ ತೆಗೆಯುತ್ತಿದ್ದರು. ಒಂದೇ ರಕ್ತಕ್ಕೆ ಊರಿಗೊಂದು ಲೆಕ್ಕ, ಹಿಂದಿನ ಕಾಲದ ಸೇರು ಪಾವುಗಳ ಹಾಗೆ! ಆ ಲೆಕ್ಕವನ್ನು ನಂಬಿ ಗುಳಿಗೆ ಹೆಚ್ಚಿಸಿದರೆ ರೋಗಿಗೆ ರಕ್ತಸ್ರಾವ, ತಗ್ಗಿಸಿದರೆ ಪಾರ್ಶ್ವವಾಯು. 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಐ.ಎನ್.ಆರ್. ಎಂಬ ಸಮಾನ ಅಳತೆಯನ್ನು ಒಪ್ಪಿತು. ರೋಗಿಯ ಸೆಕೆಂಡುಗಳನ್ನು ಆರೋಗ್ಯವಂತರ ಸೆಕೆಂಡುಗಳಿಂದ ಭಾಗಿಸಿ, ಬಳಸಿದ ವಸ್ತುವಿನ ಚುರುಕಿಗೆ ತಕ್ಕಂತೆ ಗಣಿತದಿಂದ ತಿದ್ದಿದ ಅಂಕೆಯಿದು. ಗುಳಿಗೆ ನುಂಗದವರಲ್ಲಿ ಸುಮಾರು 1. ನುಂಗುವ ಬಹುಮಂದಿಗೆ 2ರಿಂದ 3ರೊಳಗೆ ಇರಬೇಕು. ಕೆಲವು ಲೋಹದ ಕವಾಟಗಳಿಗೆ ತುಸು ಹೆಚ್ಚು. ರಿವರೋಕ್ಸಬಾನ್, ಅಪಿಕ್ಸಬಾನ್ ಎಂಬ ಹೊಸ ಗುಳಿಗೆಗಳಿಗೆ ಈ ಅಳತೆ ಹೊಂದದು. ಅವಕ್ಕೆ ಬೇರೆ ಪರೀಕ್ಷೆಯುಂಟು.

ಮನೆಯಲ್ಲಿ ಯಾರಾದರೂ ವಾರ್ಫರಿನ್ ನುಂಗುತ್ತಿದ್ದರೆ ಅಡಿಗೆಮನೆಯವರೂ ಇದನ್ನು ತಿಳಿದಿರಬೇಕು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಮದ್ದಿನ ಎದುರಾಳಿ. ಸೊಪ್ಪನ್ನು ಬಿಡಬೇಕಾಗಿಲ್ಲ, ಆದರೆ ಒಂದು ವಾರ ದಿನವೂ ಬಸ್ಸಾರು, ಮುಂದಿನ ವಾರ ಒಂದೆಲೆಯೂ ಇಲ್ಲವೆಂದರೆ ಅಂಕೆ ಏರುಪೇರಾಗುತ್ತದೆ. ಹಲ್ಲು ಕೀಳಿಸಲು ಹೋದಾಗಲೂ, ಬೇರೊಬ್ಬ ವೈದ್ಯರಲ್ಲಿ ಮದ್ದು ಕೇಳುವಾಗಲೂ ಹಿಂದಿನ ಪರೀಕ್ಷೆಯ ಚೀಟಿಯನ್ನು ಮೊದಲು ತೋರಿಸಿ.