29 ಬಿಂದುಗಳು ಮತ್ತು ಎಣಿಕೆಗೆ ಸಿಗದ ದೇಹ



2022ರ ನವೆಂಬರ್ 20ರಂದು ಕತಾರ್‌ನ ಅಲ್ ಬೈತ್ ಕ್ರೀಡಾಂಗಣದಲ್ಲಿ ವಿಶ್ವಕಪ್‌ನ ಮೊದಲ ಪಂದ್ಯ. ಮೂರನೆಯ ನಿಮಿಷದಲ್ಲೇ ಈಕ್ವೆಡಾರ್‌ನ ಎನ್ನೆರ್ ವಲೆನ್ಸಿಯಾ ಹೊಡೆದ ಗೋಲು ರದ್ದಾಯಿತು. ಸಹ ಆಟಗಾರನ ಕಾಲು ತುಸು ಮುಂದಿದ್ದುದನ್ನು ಯಂತ್ರ ಕಂಡಿತ್ತು.

ಚಾವಣಿಯಡಿಯ 12 ಕ್ಯಾಮೆರಾಗಳು ಪ್ರತಿ ಆಟಗಾರನ ದೇಹದ 29 ಬಿಂದುಗಳನ್ನು ಸೆಕೆಂಡಿಗೆ 50 ಬಾರಿ ಗುರುತಿಸುತ್ತಿದ್ದವು. 22 ಆಟಗಾರರೆಂದರೆ ಸೆಕೆಂಡಿಗೆ 31,900 ಬಿಂದುಗಳು. ಎರಡು ಚಿತ್ರಗಳ ನಡುವಣ 20 ಮಿಲಿಸೆಕೆಂಡಿನಲ್ಲಿ, ಸೆಕೆಂಡಿಗೆ 8 ಮೀಟರ್ ಓಡುವವನು 16 ಸೆಂಟಿಮೀಟರ್ ಸಾಗಿರುತ್ತಾನೆ. ಆದ್ದರಿಂದಲೇ ಒದೆತದ ಕ್ಷಣವನ್ನು ನಿಖರವಾಗಿ ಹಿಡಿಯಲು ಚೆಂಡಿನೊಳಗೂ ಸೆಕೆಂಡಿಗೆ 500 ಬಾರಿ ಮಾಹಿತಿ ಕಳಿಸುವ ಸಂವೇದಕವಿತ್ತು.

ಚಿತ್ರದ ರಾಶಿಯಿಂದ ಅರ್ಥವುಳ್ಳ ಗುರುತುಗಳನ್ನು ಹೆಕ್ಕುವ ಈ ಕೆಲಸವನ್ನು ಲಕ್ಷಣಗ್ರಹಣ ಎನ್ನೋಣ. ರೋಸ್ಟನ್ ಮತ್ತು ಡ್ರಮಂಡ್ 2006ರಲ್ಲಿ ವಿವರಿಸಿದ 'ಫಾಸ್ಟ್' ವಿಧಾನ ಇದರ ಸರಳ ಉದಾಹರಣೆ. ಅದು ಒಂದು ಬಿಂದುವಿನ ಬೆಳಕನ್ನು ಸುತ್ತಲಿನ 16 ಬಿಂದುಗಳೊಡನೆ ಹೋಲಿಸಿ ಮೂಲೆಗಳನ್ನು ಪತ್ತೆಹಚ್ಚುತ್ತದೆ. ಇದಕ್ಕೆಂದೇ ರೂಪಿಸಿದ ಚಿಪ್ ಆ ಹೋಲಿಕೆಗಳನ್ನೆಲ್ಲ ಒಮ್ಮೆಗೇ ಮಾಡಬಲ್ಲದು. ಇಡೀ ಚಿತ್ರ ಬರುವವರೆಗೆ ಕಾಯದೆ, ಸಾಲುಗಳು ಹರಿದು ಬರುತ್ತಿರುವಾಗಲೇ ಕೆಲಸ ಮುಗಿಸಬಲ್ಲದು. ಭುಜ, ಮೊಣಕಾಲುಗಳನ್ನು ಗುರುತಿಸುವುದು ಇದಕ್ಕಿಂತ ಜಟಿಲ. ಆದರೆ ಅಲ್ಲಿಯೂ ವೇಗದ ಗುಟ್ಟು ಸಾವಿರಾರು ಲೆಕ್ಕಗಳನ್ನು ಜೊತೆಜೊತೆಗೇ ನಡೆಸುವುದು.

ಆದರೆ ಯಾವ ಲಕ್ಷಣವನ್ನು ಹೆಕ್ಕಬೇಕೆಂದು ಚಿಪ್ ನಿರ್ಧರಿಸುವುದಿಲ್ಲ. ಅದನ್ನು ನಿರ್ಧರಿಸುವವರು ಮನುಷ್ಯರು.

ಆ ಕ್ಯಾಮೆರಾಗಳನ್ನು ಹೊತ್ತ ಚಾವಣಿಯನ್ನು ಕಟ್ಟಿದವರು ಬಹುಪಾಲು ವಲಸೆ ಕಾರ್ಮಿಕರು. ವಿಶ್ವಕಪ್‌ಗೆ ಸಂಬಂಧಿಸಿದ ಕೆಲಸಗಳಲ್ಲಿ ಎಷ್ಟು ಮಂದಿ ಸತ್ತರೆಂಬ ಪ್ರಶ್ನೆಗೆ ಸಂಘಟನೆಯ ಮುಖ್ಯಸ್ಥ ಹಸನ್ ಅಲ್ ಥವಾದಿ ಅದೇ ತಿಂಗಳು ಕೊಟ್ಟ ಉತ್ತರ: 400ರಿಂದ 500ರ ನಡುವೆ. ಪಾದದ ಸ್ಥಾನವನ್ನು ಸೆಂಟಿಮೀಟರುಗಳಲ್ಲಿ ಅಳೆದ ಮೈದಾನದಲ್ಲಿ, ಸಾವಿನ ಲೆಕ್ಕಕ್ಕೆ ನೂರರ ಅಂತರ! ಅನೇಕ ವಲಸಿಗರ ಸಾವುಗಳು ಸರಿಯಾದ ತನಿಖೆಯಿಲ್ಲದೆ 'ಸಹಜ ಕಾರಣ' ಎಂದು ದಾಖಲಾದುದನ್ನು ಆಮ್ನೆಸ್ಟಿ 2021ರಲ್ಲಿ ಎತ್ತಿ ತೋರಿಸಿತ್ತು. ತಾಪ ಮತ್ತು ತೇವಾಂಶವನ್ನು ಒಟ್ಟಾಗಿ ಅಳೆಯುವ ಸೂಚ್ಯಂಕ 32.1 ಡಿಗ್ರಿ ದಾಟಿದರೆ ಹೊರಾಂಗಣದ ಕೆಲಸ ನಿಲ್ಲಬೇಕೆಂಬ ನಿಯಮ ಬಂದದ್ದೂ 2021ರಲ್ಲಿಯೇ, ಕ್ರೀಡಾಂಗಣಗಳು ಬಹುಮಟ್ಟಿಗೆ ಎದ್ದು ನಿಂತ ಬಳಿಕ.

ಹಾಗೆಂದು ಕಾರ್ಮಿಕನ ಮೇಲೂ ಕ್ಯಾಮೆರಾ ನೆಡಿರೆಂದು ನಾನು ಹೇಳುತ್ತಿಲ್ಲ. ಅದು ಇನ್ನೊಬ್ಬ ಮೇಸ್ತ್ರಿಯಾದೀತು. ಬೇಕಾದ ಉಪಕರಣಗಳು ಹಳೆಯವೇ: ಪ್ರತಿ ಕಾಮಗಾರಿಯಲ್ಲೊಂದು ತಾಪಮಾಪಕ, ಪ್ರತಿ ಅಕಾಲಿಕ ಸಾವಿಗೊಂದು ಶವಪರೀಕ್ಷೆ, ಹೆಸರುಗಳಿರುವ ಒಂದು ಬಹಿರಂಗ ದಾಖಲೆ. ಇವಕ್ಕೆ ಮಿಲಿಸೆಕೆಂಡಿನ ವೇಗ ಬೇಡ. ಇವನ್ನು ಕೇಳುವ ಧ್ವನಿ ನಮ್ಮಂಥ ವಲಸಿಗರಿಂದಲೇ ಹೊರಡಬೇಕು.